ಸೈಕಲ್ ನಡೀಲಿಲ್ಲ ಬಾಯಿ

ಐವತ್ತಾರನೆಯ ವಯಸ್ಸಿನಲ್ಲಿ ನಾನು ಸೈಕಲ್ ಹತ್ತಿದೆ ಎಂದರೆ ನೆಹರು ನಗರದ ನಮ್ಮ ಓಣಿಯವರು ನಗುವುದಿಲ್ಲವೇ? ನಕ್ಕರು. ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತಿದ್ದವರು ದಾರ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದರು. ನಮ್ಮ ಮನೆಯವರಂತೂ ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತದೆಯೇ, "ಬಿದ್ರೂ ಚಿಂತಿಲ್ಲ, ಕೆಎಲ್ಇ ದವಾಖಾನಿ ಇಲ್ಲೇ ಬಾಜೂಕ ಐತಿ" ಎಂದರು.

ಹತ್ತಿದ್ದು ಹುರುಪಿನಿಂದೇನೂ ಅಲ್ಲ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತ ಮೊಣಕಾಲುಗಳು ಮೆಟ್ಟಿಲು ಕಂಡರೆ ಮುನಿಸಿಕೊಳ್ಳತೊಡಗಿದ್ದವು. ಡಾಕ್ಟರು, "ನಡಿಯೋದು ಕಡಿಮಿ ಮಾಡ್ರಿ, ಆದರ ಕಾಲು ಸುಮ್ಮನ ಇಡಬ್ಯಾಡ್ರಿ. ಸೈಕಲ್ ಬರತೈತೇನ್ರಿ?" ಎಂದು ಕೇಳಿದರು. ಬರತೈತಿ ಎಂದುಬಿಟ್ಟೆ. ಹೊರಗೆ ಬಂದ ಮೇಲೆ ನನಗೇ ಅನುಮಾನವಾಯಿತು. ನಾನು ಕೊನೆಯ ಸಲ ಸೈಕಲ್ ತುಳಿದದ್ದು 1981ರಲ್ಲಿ.

ನನ್ನ ತವರು ಗೋಕಾಕ ತಾಲೂಕಿನ ಕಾಲುವೆಯ ಸೀಮೆ. ಬ್ರಿಟಿಷರ ಕಾಲದಲ್ಲಿ, 1897ರಲ್ಲಿ, ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡಿನಿಂದ ಹೊರಡುವ ಎಡದಂಡೆ ಕಾಲುವೆ ನಮ್ಮ ಹೊಲದ ಮಗ್ಗುಲಲ್ಲೇ ಹೋಗುತ್ತದೆ. ಅದರ ದಂಡೆಗುಂಟ ಒಂದು ಗರಸಿನ ದಾರಿ. ನೀರಾವರಿ ಇಲಾಖೆಯ ಜೀಪು ಎಂದೋ ಒಮ್ಮೆ ಓಡಾಡಲಿ ಎಂದು ಮಾಡಿದ್ದು. ಉಳಿದ ದಿನ ಅದು ನಮ್ಮದು, ಎಮ್ಮೆಗಳದ್ದು. ಕಾಲುವೆ ದಾರಿಗೆ ಒಂದು ಗುಣ ಉಂಟು. ನೀರು ತಾನಾಗಿ ಹರಿಯಬೇಕಲ್ಲ, ಆದ್ದರಿಂದ ಅಲ್ಲಿ ಏರು ಇಲ್ಲ, ಇಳಿಜಾರು ಇದ್ದರೂ ಕಣ್ಣಿಗೆ ಕಾಣುವಷ್ಟಿಲ್ಲ. ಸೈಕಲ್ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ದೇವರೂ ಮಾಡಲಾರ. ಅಣ್ಣನ ಅಟ್ಲಾಸ್ ಸೈಕಲ್ಲಿನ ಅಡ್ಡ ಕೊಳವೆಯ ಕೆಳಗಿಂದ ಒಂದು ಕಾಲು ತೂರಿಸಿ, ಪರಕಾರದ ತುದಿ ಬಾಯಲ್ಲಿ ಕಚ್ಚಿಕೊಂಡು ತುಳಿಯುತ್ತಿದ್ದೆ. ಅಣ್ಣ ಕಲಿಸಿದ ಪಾಠ ಒಂದೇ: "ಬೀಳೂದಾದ್ರ ಕಾಲುವಿ ಕಡೆ ಬೀಳಬ್ಯಾಡ, ಜಾಲಿಕಂಟಿ ಕಡೆ ಬೀಳು." ಹಾಗೆಯೇ ಬಿದ್ದೆ. ಮುಳ್ಳಿನ ಗುರುತು ಮೊಣಕೈಯಲ್ಲಿ ಈಗಲೂ ಇದೆ.

ಹದಿಮೂರು ತುಂಬಿದ ವರ್ಷ ಅವ್ವ ಅದನ್ನು ನಿಲ್ಲಿಸಿದಳು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. "ಇನ್ನ ಸಾಕು" ಎಂದಳು ಅಷ್ಟೇ. ಯಾಕೆ ಎಂದು ನಾನೂ ಕೇಳಲಿಲ್ಲ. ಆ ಕಾಲುವೆಗುಂಟ ತುಳಿಯುತ್ತಾ ಹೋದರೆ ಎಲ್ಲಿ ಮುಟ್ಟುತ್ತೇನೆ ಎಂದು ನೋಡುವ ಆಸೆ ಮಾತ್ರ ಹಾಗೇ ಉಳಿಯಿತು.

ಅದೇ ಅಣ್ಣನ ಮಗಳು ಈಗ ಪುಣೆಯಲ್ಲಿ ಕಂಪನಿಯೊಂದರಲ್ಲಿದ್ದಾಳೆ. 2024ರ ದಸರಾ ರಜೆಗೆ ಬಂದಳು, ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿತ್ತು. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆಯೂ ಇಲ್ಲ. ಟೈರು ಮಾತ್ರ ದಪ್ಪ, 40 ಮಿಲಿಮೀಟರ್. ಅದರಲ್ಲಿ ಗಾಳಿ ಬಿಗಿಯಾಗಿ ತುಂಬಬಾರದಂತೆ. ಸ್ವಲ್ಪ ಮೆತ್ತಗಿದ್ದರೆ ಕಲ್ಲಿನ ಮೇಲೆ ಪುಟಿಯದೆ ತಬ್ಬಿಕೊಂಡು ಹೋಗುತ್ತದಂತೆ. ಹೆಬ್ಬೆರಳಿನಿಂದ ಒತ್ತಿ ನೋಡಿ ನಾನು ಪಂಕ್ಚರ್ ಆಗಿದೆ ಎಂದಿದ್ದೆ. ಬೆಲೆ ಕೇಳಿದ ನಮ್ಮ ಮನೆಯವರು ಮೊದಲ ಸಲ ಪತ್ರಿಕೆ ಕೆಳಗಿಟ್ಟರು.

"ಇದು ಗ್ರಾವೆಲ್ ಬೈಕ್, ಅತ್ತಿ."

"ಗ್ರಾವೆಲ್ ಅಂದ್ರ?"

"ಗರಸು."

ಗರಸಿನ ಮೇಲೆ ಓಡಿಸುವುದಕ್ಕೇ ಬೇರೆ ಸೈಕಲ್! ನಾವು ಓಡಿಸಿದ್ದೆಲ್ಲ ಗರಸಿನ ಮೇಲೆಯೇ, ಡಾಂಬರು ಇದ್ದದ್ದು ಗೋಕಾಕಿನಲ್ಲಿ. ಅವಳು ನಕ್ಕು ಅಮೆರಿಕದ ಕಥೆ ಹೇಳಿದಳು. ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಮೂವತ್ತು ಚಿಲ್ಲರೆ ಮಂದಿ ಸೇರಿ ಹೊಲಗಳ ನಡುವಿನ ಕಲ್ಲುದಾರಿಯಲ್ಲಿ 200 ಮೈಲು ಸೈಕಲ್ ಸ್ಪರ್ಧೆ ನಡೆಸಿದರಂತೆ. ಈಗ ಅದಕ್ಕೆ ಸಾವಿರಾರು ಜನ ಬರುತ್ತಾರಂತೆ. ಡಾಂಬರು ರಸ್ತೆಯ ಲಾರಿಗಳ ಕಾಟ ಬೇಡ, ಗುಡ್ಡಗಾಡಿನ ಸರ್ಕಸ್ಸೂ ಬೇಡ ಎನ್ನುವವರು ಹಿಡಿದ ನಡುವಿನ ದಾರಿ ಇದು. ಬೆಳಗಾವಿ, ಖಾನಾಪುರದಂಥ ಸೀಮೆ ಇದಕ್ಕೆ ಹೇಳಿ ಮಾಡಿಸಿದ್ದು, ನೀವು ಬಂಗಾರದ ಮೇಲೆ ಕೂತೀರಿ ಎಂದಳು. ಮಗಳು ಬಿಟ್ಟುಹೋದ ಹಳೆಯ ಲೇಡೀಸ್ ಸೈಕಲ್ಲು ಮೆಟ್ಟಿಲ ಕೆಳಗಿತ್ತು. ಅದನ್ನು ಒರೆಸಿ, ಎಣ್ಣೆ ಬಿಟ್ಟು, ಬುಟ್ಟಿಯೊಳಗಿನ ಜೇಡರ ಬಲೆ ತೆಗೆದು ನನ್ನ ಕೈಗೆ ಕೊಟ್ಟಳು.

ಮೊದಲ ಎರಡು ದಿನ ಕಂಗ್ರಾಳಿಯ ಕಡೆ ಹೋದೆವು. ನಮ್ಮ ಬಡಾವಣೆ ದಾಟಿದರೆ ಹೊಲ, ಹೊಲ ದಾಟಿದರೆ ಮಾರ್ಕಂಡೇಯ ನದಿ. ಇಷ್ಟು ವರ್ಷ ನೆಹರು ನಗರದಲ್ಲಿದ್ದು, ಬೆಳಗಾವಿಯ ನಲ್ಲಿಗಳಿಗೆ ಬರುವ ರಾಕಸಕೊಪ್ಪದ ನೀರು ಇದೇ ನದಿಯದ್ದು ಎಂದು ಮಕ್ಕಳಿಗೆ ಹೇಳಿಕೊಡುತ್ತಾ, ಅದರ ದಂಡೆಯಲ್ಲಿ ನಾನು ನಡೆದದ್ದು ಎರಡೋ ಮೂರೋ ಸಲ. ನಾನು ಸಮಾಜ ವಿಜ್ಞಾನದ ಟೀಚರು. ನದಿಗಳನ್ನೆಲ್ಲ ನೀಲಿ ಸೀಮೆಸುಣ್ಣದಲ್ಲಿ ಬಲ್ಲೆ. ಮಾರ್ಕಂಡೇಯ ಮುಂದೆ ಗೋಕಾಕದ ಹತ್ತಿರ ಘಟಪ್ರಭೆಗೆ ಸೇರುತ್ತದೆ ಎಂದರೆ ನನ್ನ ಗಂಡನ ಮನೆಯ ನದಿ ತವರಿನ ನದಿಗೆ ಹೋಗಿ ಸೇರುತ್ತದೆ ಎಂದಾಯಿತು. ಇದು ನನಗೆ ಹೊಳೆದದ್ದು ಆ ದಂಡೆಯ ಮೇಲೆ, ಮೂರು ಸಲ ಸೈಕಲ್ಲಿನಿಂದ ಇಳಿದು ಏದುಸಿರು ಬಿಟ್ಟಾಗ.

ಸೈಕಲ್ಲಿನ ಮೇಲೆ ಕೂತರೆ ಊರಿನ ನಕಾಶೆ ಕಾಲಿಗೆ ಗೊತ್ತಾಗುತ್ತದೆ. ಬಸ್ಸಿನಲ್ಲಿ ಮೂವತ್ತು ಸಲ ಹೋದ ದಾರಿಯಲ್ಲಿ ಏರು ಇತ್ತೆಂಬುದೇ ನನಗೆ ತಿಳಿದಿರಲಿಲ್ಲ.

ಮೂರನೆಯ ದಿನ ಅಣ್ಣನ ಮಗಳು ನಕಾಶೆ ಹಚ್ಚಿಕೊಂಡು ಕೂತಳು. ಈಗ ನಕಾಶೆ ಎಂದರೆ ಮೊಬೈಲು. ಖಾನಾಪುರದಿಂದ ಅಸೋಗದವರೆಗೆ ಮಲಪ್ರಭೆಯ ದಂಡೆ, ಅಲ್ಲಿಂದ ಹಿಂದಿರುಗಿ ನಂದಗಡ, ಹಲಸಿ. ಇನ್ನೊಂದು ಕಡೆ ಜಾಂಬೋಟಿ, ಕಣಕುಂಬಿ. ಬೆರಳಿಟ್ಟು ಒಂದೊಂದೇ ತೋರಿಸುತ್ತಿದ್ದಳು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ, ಹಲಸಿ ಕದಂಬರ ಊರು ಎಂದು ನಾನು ನಡುನಡುವೆ ಪಾಠ ಮಾಡುತ್ತಿದ್ದೆ. ಭೀಮಗಡದ ಕಾಡಿನೊಳಗಿನ ದಾರಿಗಳ ಮೇಲೂ ಅವಳ ಕಣ್ಣಿತ್ತು. ಅದು 2011ರಿಂದ ಅಭಯಾರಣ್ಯ, ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ಅದೂ ಅಲ್ಲದೆ ಕರಡಿಗೆ ಸೈಕಲ್ಲಿನ ಬೆಲೆ ಗೊತ್ತಿಲ್ಲ ಎಂದೆ. ಆಗ ಅವಳು ಜಾಂಬೋಟಿ ಸೀಮೆಯಲ್ಲಿ, ಅಭಯಾರಣ್ಯದ ಹೊರಗೆ, ಒಂದು ಸಣ್ಣ ಗೆರೆಯ ಮೇಲೆ ಬೆರಳಿಟ್ಟಳು. "ಇದು ಚಲೋ ಕಾಣಸ್ತದ ಅತ್ತಿ. ಎರಡು ಹಳ್ಳ ದಾಟತೈತಿ. ಕೊನಿಗೆ ಒಂದು ಸಣ್ಣ ಊರು."

ಆ ಊರಿನ ಹೆಸರು ನಾನು ಓದಿದೆ. ಇಲ್ಲಿ ಬರೆಯುವುದಿಲ್ಲ.

ಹದಿನಾರು ವರ್ಷದ ಹಿಂದಿನ ಮಾತು. ನಾನಾಗ ಖಾನಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ದಿನಾ ಬೆಳಗಾವಿಯಿಂದ ಬಸ್ಸು, ಅಲ್ಲಿಂದ ಟ್ರ್ಯಾಕ್ಸು. ಸರಕಾರ 2006-07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತ್ತು. ಅದರ ಮರುವರ್ಷ ಎಂಟನೆಯ ತರಗತಿಗೆ ಬಂದವಳು ಆ ಹುಡುಗಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ನಮ್ಮ ಕಡೆಯ ಬಹಳ ಮಕ್ಕಳಂತೆ ಅವಳೂ ಟೀಚರುಗಳನ್ನು "ಬಾಯಿ" ಎಂದು ಕರೆಯುತ್ತಿದ್ದಳು. ಜನವರಿಯಲ್ಲಿ ಸೈಕಲ್ಲುಗಳು ಬಂದವು. ಆ ದಿನದ ಸಂಭ್ರಮ ಏನು ಹೇಳಲಿ! ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಒಬ್ಬ ಹುಡುಗಿಯೂ ಒಪ್ಪಲಿಲ್ಲ. ನನಗೆ ಕಾಲುವೆಯ ದಾರಿ ನೆನಪಾಗಿ ಗಂಟಲು ಕಟ್ಟಿತ್ತು. ಅವ್ವ "ಸಾಕು" ಎಂದ ವಯಸ್ಸಿಗೇ ಈ ಮಕ್ಕಳಿಗೆ ಸರಕಾರವೇ ಸೈಕಲ್ ಕೊಡುತ್ತಿದೆಯಲ್ಲ ಎಂದು ಸ್ಟಾಫ್ ರೂಮಿನಲ್ಲಿ ಭಾಷಣವನ್ನೇ ಮಾಡಿದ್ದೆ. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತ ಕಥೆಯನ್ನು ಎಲ್ಲರಿಗೂ ಹೇಳಿದ್ದೆ. ಭಾಷಣ ನನಗೆ ಯಾವಾಗಲೂ ಸುಲಭ.

ಆ ಬೇಸಿಗೆಯ ತನಕ ಆ ಹುಡುಗಿ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಸಿಪಾಯಿ ಬೀಗ ತೆಗೆಯುವ ಮೊದಲೇ ಅವಳ ಸೈಕಲ್ಲು ಹೊಂಗೆಮರದ ಕೆಳಗೆ ನಿಂತಿರುತ್ತಿತ್ತು.

ಜೂನ್ ಬಂತು. ಅವಳು ಒಂಬತ್ತನೆಯ ತರಗತಿ. ಈಗ ದಿನಾ ತಡ. ಹತ್ತು ಗಂಟೆಯ ಪ್ರಾರ್ಥನೆ ಮುಗಿದು, ಹಾಜರಿ ಮುಗಿದು, ಮೊದಲ ಪಿರಿಯಡ್ ಅರ್ಧವಾದಾಗ ಬಾಗಿಲಲ್ಲಿ ನೆರಳು. ಪರಕಾರ ಮೊಣಕಾಲಿನವರೆಗೆ ಕೆಂಪು ಕೆಸರು, ಕೈ ಕೆಂಪು, ಕೆನ್ನೆಯ ಮೇಲೂ ಒಂದು ಪಟ್ಟೆ ಕೆಂಪು. ಯಾಕೆ ತಡ ಎಂದರೆ ಒಂದೇ ಉತ್ತರ: "ಸೈಕಲ್ ನಡೀಲಿಲ್ಲ ಬಾಯಿ." ತಡವಾಗಿ ಬಂದವರು ಪಿರಿಯಡ್ ಮುಗಿಯುವ ತನಕ ಹೊರಗೆ ನಿಲ್ಲಬೇಕೆಂಬ ನಿಯಮ ಮಾಡಿದವಳು ನಾನೇ. ಅವಳು ಹೆಂಚಿನ ಇಳಿಜಾರಿನ ಕೆಳಗೆ, ತೊಟ್ಟಿಕ್ಕುವ ನೀರಿನಲ್ಲಿ ಪುಸ್ತಕದ ಚೀಲ ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಜುಲೈಯಲ್ಲಿ ಒಂದು ದಿನ ನನಗೆ ತಾಳ್ಮೆ ತಪ್ಪಿತು. ಬೇಸಿಗೆಯಲ್ಲಿ ನಡೆದ ಸೈಕಲ್ಲು ಮಳೆಗಾಲದಲ್ಲಿ ಯಾಕೆ ನಡೆಯುವುದಿಲ್ಲ? ಸೋಮಾರಿತನ, ಅಲ್ಲದೆ ಇನ್ನೇನು? "ಸರಕಾರ ಸೈಕಲ್ ಕೊಟ್ಟೈತಿ. ಇನ್ನೇನು ವಿಮಾನ ಕೊಡಬೇಕೇನ ನಿನಗ?" ಎಂದೆ.

ಇಡೀ ವರ್ಗ ನಕ್ಕಿತು. ನಾನೂ ನಕ್ಕೆ ಎಂದು ನೆನಪು.

ಚೌತಿಯ ರಜೆಯ ನಂತರ ಅವಳು ಬರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವಳ ಅಪ್ಪ ಬಂದರು, ಸೈಕಲ್ಲನ್ನು ಕೈಯಲ್ಲಿ ನೂಕಿಕೊಂಡು. ಸಣಕಲು ದೇಹ, ಹೆಗಲ ಮೇಲೆ ಕಂಬಳಿ. ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, "ಪೋರಿ ಇನ್ನ ಶಾಳೆಗೆ ಬರೂದಿಲ್ರಿ. ಇದು ಸರಕಾರದ್ದು. ತಗೋರಿ" ಎಂದರು. ಸೈಕಲ್ಲನ್ನು ತೊಳೆದು ಒರೆಸಿ ತಂದಿದ್ದರು. ನಮಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸೈಕಲ್ ಕೊಟ್ಟದ್ದಕ್ಕೆ ಸಹಿ ಹಾಕಿಸುವ ರಿಜಿಸ್ಟರ್ ಇತ್ತು, ತಿರುಗಿ ತೆಗೆದುಕೊಂಡದ್ದು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಅದನ್ನು ಪ್ರಯೋಗಶಾಲೆಯ ಹಿಂದಿನ ಪಡಸಾಲೆಯಲ್ಲಿ ನಿಲ್ಲಿಸಿದೆವು. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಕಾರಣ ಬರೆಯುವ ಕಾಲಂ ಮಾತ್ರ ಇತ್ತು. ಅಲ್ಲಿ ನಾನು ನನ್ನ ದುಂಡನೆಯ ಅಕ್ಷರದಲ್ಲಿ "ಪಾಲಕರ ನಿರಾಸಕ್ತಿ" ಎಂದು ಬರೆದೆ. ಅವರ ಮನೆಗೆ ಹೋಗಿ ವಿಚಾರಿಸಬೇಕಿತ್ತು, ನಿಯಮವೂ ಅದೇ. ಹೋಗಲಿಲ್ಲ. ಬೆಳಗಾವಿಯ ಕೊನೆಯ ಬಸ್ಸು ತಪ್ಪುತ್ತದೆ ಎನ್ನುವುದು ನನ್ನ ನೆಪ.

ಬಿಹಾರದಲ್ಲೂ 2006ರಲ್ಲಿ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂದಿತ್ತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಲೆಕ್ಕ ತೆಗೆದಿದ್ದಾರೆ. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತಂತೆ. ಅದನ್ನು ಓದಿದಾಗ ನನಗೆ ಸಂತೋಷವೇ ಆಯಿತು, ನಮ್ಮ ಶಾಲೆಯಲ್ಲೂ ಸೈಕಲ್ಲಿನಿಂದ ಎಸ್ಸೆಸ್ಸೆಲ್ಸಿ ಮುಟ್ಟಿದ ಹುಡುಗಿಯರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಬಿಹಾರದ ಬಯಲು ನಮ್ಮ ಗೋಕಾಕದ ಕಾಲುವೆ ದಂಡೆಯಂಥದ್ದು. ಜಾಂಬೋಟಿಯ ಗುಡ್ಡ ಬೇರೆ. ಇದು ಸಹ ನನಗೆ ತಡವಾಗಿಯೇ ತಿಳಿದದ್ದು.

"ಇದs ದಾರಿಗೆ ಹೋಗೂಣು" ಎಂದೆ ಅಣ್ಣನ ಮಗಳಿಗೆ. ಯಾಕೆಂದು ಹೇಳಲಿಲ್ಲ.

ಓಣಿಗೆ ಹಾಲು ತರುವವನ ಟಾಟಾ ಏಸ್ ಗಾಡಿಯಲ್ಲಿ ಎರಡೂ ಸೈಕಲ್ ಹಾಕಿಕೊಂಡು ಬೆಳಿಗ್ಗೆ ಪಿರನವಾಡಿ, ಕಿಣಯೆ ದಾಟಿ ಜಾಂಬೋಟಿ ಮುಟ್ಟಿದೆವು. ಮೊದಲು ಹಬ್ಬನಹಟ್ಟಿಗೆ ಹೋಗಿ ಮಾರುತಿಗೆ ಕೈ ಮುಗಿದೆ. ಮಲಪ್ರಭೆಯ ದಂಡೆಯ ಈ ಗುಡಿ ಮಳೆಗಾಲದಲ್ಲಿ ನೀರಿನೊಳಗೆ ಮುಳುಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ಹತ್ತಾರು ಕಿಲೋಮೀಟರು ಬರುವಷ್ಟರಲ್ಲೇ ಹೊಳೆಗೆ ಆ ಸೊಕ್ಕು. ಅದೇ ಕಣಕುಂಬಿ ಸೀಮೆಯ ಹಳ್ಳಗಳಲ್ಲಿ ಕೆಲವು ಪೂರ್ವಕ್ಕೆ ಹರಿದು ಮಲಪ್ರಭೆಯಾಗಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋದರೆ, ಮಗ್ಗುಲಿನವು ಪಶ್ಚಿಮಕ್ಕೆ ತಿರುಗಿ ಮಹದಾಯಿಯಾಗಿ ಗೋವೆಯ ಸಮುದ್ರಕ್ಕೆ ಹೋಗುತ್ತವೆ. ಅವುಗಳಲ್ಲಿ ಕಳಸಾ ಹಳ್ಳವನ್ನು ಈ ಕಡೆ ತಿರುಗಿಸಲು ಕಾಲುವೆ ತೋಡುವ ಕೆಲಸಕ್ಕೆ 2006ರಲ್ಲಿ ಅಡಿಗಲ್ಲು ಹಾಕಿದರು. ನ್ಯಾಯಮಂಡಳಿಯ ತೀರ್ಪು ಬಂದದ್ದು 2018ರ ಆಗಸ್ಟ್‌ನಲ್ಲಿ. ಕಾಲುವೆ ಎಂದರೆ ನನ್ನ ಕಣ್ಣಿಗೆ ಬರುವುದು ತುಂಬಿ ಹರಿಯುವ ತಣ್ಣನೆಯ ನೀರು, ಮಗ್ಗುಲಿನ ಗರಸಿನ ದಾರಿ. ಹಿಂದೊಮ್ಮೆ ಮಕ್ಕಳ ಪ್ರವಾಸದಲ್ಲಿ ಕಣಕುಂಬಿಯ ಕಾಲುವೆ ನೋಡಿದಾಗ ಕೆಂಪು ಮಣ್ಣಿನ ಆಳವಾದ ಕಂದಕ ಮಾತ್ರ ಕಂಡಿತ್ತು. ಮಲಪ್ರಭೆಯ ನೀರು ಕುಡಿಯುವ ಊರುಗಳವರು ಅದಕ್ಕಾಗಿ ಎಷ್ಟು ವರ್ಷ ಬೀದಿಗಿಳಿದರು ಎಂಬುದು ಎಲ್ಲರಿಗೂ ಗೊತ್ತು. ಅದು ದೊಡ್ಡವರ ಜಗಳ, ಅಲ್ಲಿಗೇ ಬಿಡುತ್ತೇನೆ. ನೀರಿನ ಲೆಕ್ಕ ಟಿಎಂಸಿಯಲ್ಲಿ ಬರೆಯುತ್ತಾರೆ, ಆ ನೀರು ಹುಟ್ಟುವ ಗುಡ್ಡದ ಊರುಗಳಿಗೆ ಹೋಗುವ ದಾರಿಯ ಲೆಕ್ಕ ಯಾರೂ ಬರೆದದ್ದು ಕಾಣೆ. 2024ರ ಜುಲೈಯಲ್ಲೇ ಆಮಗಾಂವದಿಂದ ಅಸ್ವಸ್ಥ ಹೆಂಗಸೊಬ್ಬರನ್ನು ಊರವರು ಕಟ್ಟಿಗೆಯ ಡೋಲಿ ಮಾಡಿ, ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ತಂದದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಡಾಂಬರು ಬಿಟ್ಟು ಒಳಗೆ ತಿರುಗಿದೆವು. ಮೊದಲ ಎರಡು ಕಿಲೋಮೀಟರು ಸ್ವರ್ಗ. ಗದ್ದೆಗಳಲ್ಲಿ ಭತ್ತ ತೆನೆ ಬಿಟ್ಟಿತ್ತು, ಗರಸು ಗಟ್ಟಿಯಾಗಿತ್ತು. ಹಿಂದಿನ ರಾತ್ರಿ ಮಳೆ ಬಂದಿದ್ದರಿಂದ ಧೂಳಿಲ್ಲ. ಅಣ್ಣನ ಮಗಳು ಮುಂದೆ, ನಾನು ಹಿಂದೆ. ಮೊಣಕಾಲು ತಕರಾರು ಮಾಡಲಿಲ್ಲ. ಮೊದಲ ಹಳ್ಳಕ್ಕೆ ಕಟ್ಟಿಗೆಯ ಸಂಕವಿತ್ತು. ಅದರ ಮೇಲೆ ಸೈಕಲ್ ನೂಕುವಷ್ಟು ಅಗಲವಿರಲಿಲ್ಲ, ಅವಳು ತನ್ನದನ್ನು ಹೆಗಲ ಮೇಲೆ ಹೊತ್ತಳು. ಹತ್ತು ಕಿಲೋ, ಹೊತ್ತಾಳು. ನನ್ನದು ಹದಿನೆಂಟಕ್ಕೆ ಕಡಿಮೆಯಿಲ್ಲ. ನಾವಿಬ್ಬರೂ ಹಿಂದೆ ಮುಂದೆ ಹಿಡಿದು ದಾಟಿಸಿದೆವು. ಒಬ್ಬಳೇ ಆಗಿದ್ದರೆ?

ಸಂಕ ದಾಟಿದ ಮೇಲೆ ಗರಸು ಮುಗಿದು ಮಣ್ಣು ಶುರುವಾಯಿತು. ಖಾನಾಪುರದ ಮಣ್ಣು ನಿಮಗೆ ಗೊತ್ತಿರಬಹುದು. ಕುಂಬಾರಿಕೆಗೆ, ಹೆಂಚಿಗೆ ಹೆಸರಾದ ಸೀಮೆ ಅದು. ಆ ಮಣ್ಣಿನ ಗುಣವೇ ಅಂಟಿಕೊಳ್ಳುವುದು. ಇನ್ನೂರು ಮಾರು ಹೋಗಿರಬೇಕು, ಪೆಡಲ್ ಭಾರವಾಯಿತು. ಇನ್ನೊಂದಿಷ್ಟು ತುಳಿದೆ. ನಿಂತೇಬಿಟ್ಟಿತು. ಇಳಿದು ನೂಕಿದೆ, ಹಿಂದಿನ ಗಾಲಿ ತಿರುಗದೆ ನೆಲದ ಮೇಲೆ ಜಾರುತ್ತಾ ಬಂತು. ಬಗ್ಗಿ ನೋಡಿದರೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಇಟ್ಟಿಗೆಯ ಹಾಗೆ ಗಿಡಿದು ಕೂತಿದೆ. ಕಡ್ಡಿಯಿಂದ ಕೆದಕಿ, ಬೆರಳಿನಿಂದ ಎಳೆದು ತೆಗೆದೆ. ಐವತ್ತು ಹೆಜ್ಜೆಗೆ ಮತ್ತೆ ತುಂಬಿತು. ಮತ್ತೆ ತೆಗೆದೆ. ಕೈ ಕೆಂಪು, ಸೀರೆ ಬಿಟ್ಟು ಅವತ್ತು ಹಾಕಿಕೊಂಡಿದ್ದ ಚೂಡಿದಾರ ಮೊಣಕಾಲಿನವರೆಗೆ ಕೆಂಪು.

ಅಣ್ಣನ ಮಗಳು ತಿರುಗಿ ಬಂದು ತನ್ನ ಸೈಕಲ್ ತೋರಿಸಿದಳು. ಅವಳ ಟೈರಿಗೂ ಚೌಕಟ್ಟಿಗೂ ನಡುವೆ ಬೆರಳು ಆಡುವಷ್ಟು ಜಾಗವಿತ್ತು. ಮಣ್ಣು ಮೆತ್ತಿಕೊಂಡರೂ ಗಾಲಿ ತಿರುಗುತ್ತಿತ್ತು. "ಕೆಸರು ಹಾದು ಹೋಗಲಿ ಅಂತ ಜಾಗ ಬಿಟ್ಟಿರ್ತಾರ ಅತ್ತಿ. ಮಡ್‌ಗಾರ್ಡ್ ಇದ್ದ ಸೈಕಲ್ ಇಂಥಾದ್ರಾಗ ನಡಿಯೂದಿಲ್ಲ."

ನಾನು ಅಲ್ಲೇ ದಂಡೆಯ ಕಲ್ಲಿನ ಮೇಲೆ ಕೂತೆ. "ನಡಿಯೂದಿಲ್ಲ" ಎಂದರೆ ನಡೆಯುವುದಿಲ್ಲ. ಆ ಹುಡುಗಿ ನೆಪ ಹೇಳಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಎರಡು ಶಬ್ದದಲ್ಲಿ ಹೇಳಿದ್ದಳು, ದಿನಾ. ನಾನು ಒಂದು ದಿನವೂ "ಹಂಗಂದ್ರ ಏನು?" ಎಂದು ಕೇಳಿರಲಿಲ್ಲ. ಅಣ್ಣನ ಮಗಳು ನನಗೆ ಸುಸ್ತಾಯಿತೆಂದು ತಿಳಿದು ಗ್ಲೂಕೋಸ್ ಬಿಸ್ಕಿಟು ಕೊಟ್ಟಳು. ತಿಂದೆ. ಆಮೇಲೆ ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಎದ್ದು ನನ್ನ ಸೈಕಲ್ಲಿನ ಮಣ್ಣು ತೆಗೆಯತೊಡಗಿದಳು.

ಆ ದಾರಿ ಒಟ್ಟು 8.4 ಕಿಲೋಮೀಟರು, ಅವಳ ಸೈಕಲ್ಲಿನ ಯಂತ್ರ ಹೇಳಿದ್ದು. ನಮಗೆ ಹಿಡಿದದ್ದು ಎರಡೂವರೆ ತಾಸು. ಅಕ್ಟೋಬರಿನಲ್ಲಿ, ಮೈಮೇಲೆ ಮಳೆಯಿಲ್ಲದೆ, ಬೆನ್ನಿಗೆ ಪುಸ್ತಕದ ಚೀಲವಿಲ್ಲದೆ, ಇಬ್ಬರು.

ಊರಿನಲ್ಲಿ ಇಪ್ಪತ್ತೋ ಇಪ್ಪತ್ತೈದೋ ಮನೆ. ಸೈಕಲ್ ಮೇಲೆ ಬಂದ ಮುದುಕಿಯನ್ನು ನೋಡಲು ಊರಿಗೂರೇ ಬಂತು. ಹೆಸರು ಹೇಳಿದೆ, ಮನೆ ತೋರಿಸಿದರು. ಅಪ್ಪ ಪಡಸಾಲೆಯಲ್ಲಿ ಕೂತು ಬಿದಿರಿನ ಬುಟ್ಟಿಯ ಕಣ್ಣು ಸರಿಮಾಡುತ್ತಿದ್ದರು. ಶಾಲೆಯ ಹೆಸರು ಹೇಳಿದ ಕೂಡಲೇ ಎದ್ದು ನಿಂತು, "ಬಾಯೀ, ಇಷ್ಟ ದೂರ ಕಷ್ಟಪಟ್ಟು ಯಾಕ ಬಂದ್ರಿ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಾಕೆ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದಿಟ್ಟರು.

ಹುಡುಗಿ ಗೋವೆಯ ಸತ್ತರಿಯ ಕಡೆ ಮದುವೆಯಾಗಿದ್ದಾಳೆ. ಎರಡು ಮಕ್ಕಳು. ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ, ಸ್ಕೂಟಿಯ ಮೇಲೆ. ಫೋಟೋ ತೋರಿಸಿದರು. ನಾನು ಗುರುತು ಹಿಡಿದದ್ದು ನಗುವಿನಿಂದಲ್ಲ, ಆ ಹುಡುಗಿ ನಕ್ಕದ್ದನ್ನು ನಾನು ಅಷ್ಟು ನೋಡಿಯೇ ಇಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡ ರೀತಿಯಿಂದ ಹಿಡಿದೆ.

"ಮೊದಲಿನ ವರ್ಷ ಮಳಿಗಾಲದಾಗ ರೋಡಿನ ಮ್ಯಾಲಿನ ಊರಾಗ ನನ್ನ ತಂಗಿ ಮನ್ಯಾಗ ಇಟ್ಟಿದ್ವಿ ಬಾಯಿ" ಎಂದರು ಅಪ್ಪ. "ಸೈಕಲ್ ಬಂದ ಮ್ಯಾಲ ತಂಗಿ ಅಂದ್ಲು, ಇನ್ನ ಸೈಕಲ್ ಐತಲ್ಲ, ಮನಿಯಿಂದನs ಬರಲಿ ಅಂತ. ಅವಳ ಮನ್ಯಾಗೂ ಬಡತನ. ನಾ ಏನ ಅನ್ನಾಂವ?"

ಸೈಕಲ್ ಬಂದದ್ದರಿಂದಲೇ ಶಾಲೆ ತಪ್ಪಿತು ಎಂದರೆ ನಂಬುತ್ತೀರಾ? ನನಗೆ ನಂಬಲು ಅಲ್ಲಿಯತನಕ ಹೋಗಬೇಕಾಯಿತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು: "ಆ ಸೈಕಲ್ ಮುಂದ ಯಾರಿಗೆ ಕೊಟ್ಟ್ರಿ ಬಾಯಿ?"

ನನ್ನ ಕಣ್ಣ ಮುಂದೆ ಪ್ರಯೋಗಶಾಲೆಯ ಹಿಂದಿನ ಪಡಸಾಲೆ ಬಂತು. 2012ರಲ್ಲಿ ನನಗೆ ಬೆಳಗಾವಿಗೆ ವರ್ಗವಾದಾಗಲೂ ಅದು ಅಲ್ಲೇ ಇತ್ತು. ಟೈರು ಬಿರಿದಿತ್ತು, ಬುಟ್ಟಿಯಲ್ಲಿ ಒಡೆದ ಗಾಜಿನ ನಳಿಕೆಗಳನ್ನು ಯಾರೋ ತುಂಬಿಟ್ಟಿದ್ದರು. ಯಾವುದೋ ಬಡ ಹುಡುಗಿಗೆ ಕೊಟ್ಟೆವು ಎಂದುಬಿಡೋಣ ಎನಿಸಿತು. ನಾಲಿಗೆಯ ತುದಿಗೆ ಬಂದಿತ್ತು.

"ಯಾರಿಗೂ ಕೊಡಲಿಲ್ರಿ" ಎಂದೆ. "ಅಲ್ಲೇ ತುಕ್ಕು ಹಿಡೀತು."

ಅವರು ಬುಟ್ಟಿಯ ಕಣ್ಣನ್ನೇ ನೋಡುತ್ತಿದ್ದರು. ಆಮೇಲೆ, ಸಿಟ್ಟೇನೂ ಇಲ್ಲದೆ, "ಹಂಗಾದ್ರ ಮನ್ಯಾಗs ಇಟ್ಕೋಬಹುದಿತ್ತು. ಬ್ಯಾಸಿಗ್ಯಾಗ ಹೊಡೀತಿದ್ಲು. ಪೋರಿ ನಾಕ ದಿನ ಅತ್ಲು ಬಾಯಿ, ಶಾಳೆಗಲ್ಲ, ಸೈಕಲ್ಲಿಗೆ" ಎಂದರು.

ಮನೆಯಾಕೆ ಮಗಳಿಗೆ ಫೋನು ಹಚ್ಚಿಕೊಡುತ್ತೇನೆ ಎಂದರು. ಅಲ್ಲಿ ಸಿಗ್ನಲ್ ಇರಲಿಲ್ಲ. ನಂಬರು ಬರೆದುಕೊಂಡಿದ್ದೇನೆ. ಮೂರು ಸಲ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟಿದ್ದೇನೆ. ವಾರ್ಷಿಕ ಪರೀಕ್ಷೆ ಮುಗಿಯಲಿ ಎಂದುಕೊಳ್ಳುತ್ತೇನೆ. ಬೆಳಗಾವಿಯ ಕೊನೆಯ ಬಸ್ಸಿನಂಥದ್ದೇ ನೆಪ ಇದು, ಗೊತ್ತಿದೆ.

ಸಂಜೆ ಮನೆಗೆ ಬಂದು ಅಂಗಳದಲ್ಲಿ ಸೈಕಲ್ ತೊಳೆದೆವು. ನೆಹರು ನಗರದ ಗಟಾರು ಅರ್ಧ ತಾಸು ಕೆಂಪಗೆ ಹರಿಯಿತು. ಎದುರು ಮನೆಯ ಅಜ್ಜಿ, "ಏನs ನಮ್ಮವ್ವ, ಕುಂಬಾರಗೆ ಹೋಗಿದ್ದೇನು?" ಎಂದು ಕೇಳಿದರು.

ಅಣ್ಣನ ಮಗಳು ಆ ದಿನದ ದಾರಿಯನ್ನು ತನ್ನ ಸೈಕಲ್ ಗೆಳತಿಯರಿಗೆ ಕಳಿಸಲು ಮೊಬೈಲಿನಲ್ಲಿ ಬರೆಯುತ್ತಾ ಕೂತಿದ್ದಳು. ಎಷ್ಟು ದೂರ, ಎಷ್ಟು ಏರು, ನೀರು ಎಲ್ಲಿ ಸಿಗುತ್ತದೆ, ಸಂಕ ಎಲ್ಲಿದೆ. ಕೊನೆಗೆ ಸೂಚನೆ ಎಂದು ಒಂದು ಸಾಲು ಬರೆಯಲು ಜಾಗವಿತ್ತಂತೆ. "ಅತ್ತಿ, ಇಲ್ಲಿ ಏನ ಬರಿಯಲಿ?" ಎಂದಳು.

ಹೇಳಿದೆ. ಬರೆದಳು: "ಜೂನಿನಿಂದ ಅಕ್ಟೋಬರ್ ತನಕ ಮಡ್‌ಗಾರ್ಡ್ ಇರುವ ಸೈಕಲ್ ಈ ದಾರಿಯಲ್ಲಿ ನಡೆಯುವುದಿಲ್ಲ."